ಆಟಿ ತಿಂಗಳ ಹೊಲಿಗೆ ಕ್ಲಾಸು

ನನ್ನ ಅಕ್ಕ ಸತ್ಯವತಿ ಕಾಣಿಯೂರಿನಲ್ಲಿ ಹೊಲಿಗೆ ಕಲಿಸಲಿಕ್ಕೆ ಮಾಡಿಕೊಂಡಷ್ಟು ತಯಾರಿಯನ್ನು ನಮ್ಮ ಅಪ್ಪ ಅವಳ ಮದುವೆಗೂ ಮಾಡಿರಲಿಲ್ಲ. ಮದುವೆಯಾದರೆ ಎರಡು ದಿನದಲ್ಲಿ ಮುಗಿಯಿತು. ಈ ತಯಾರಿ ಮಾತ್ರ ದರ್ಬೆಯ ನನ್ನ ಬಟ್ಟೆ ಅಂಗಡಿಯೊಳಗೆ, ನನ್ನ ತಲೆಯ ಮೇಲೆ, ಇಡೀ ಬೇಸಿಗೆ ನಡೆಯಿತು. ಅದು ಅರವತ್ತೆರಡನೆಯ ಇಸವಿ. ನೆನೆದರೆ ಈಗಲೂ ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ಅಕ್ಕನನ್ನು ಕೊಟ್ಟದ್ದು ಬೆಟ್ಟಂಪಾಡಿಗೆ. ಮದುವೆಯಾಗಿ ಮೂರನೆಯ ವರ್ಷ ಭಾವ ವಿಷಮಜ್ವರದಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಅವಳು ಆ ದೊಡ್ಡ ಮನೆಯ ಅಡುಗೆಮನೆಯ ಪಾಲಾದಳು. ಬೆಳಗ್ಗೆ ಚಟ್ನಿಗೆ ಅರೆಯುವುದು, ಮಧ್ಯಾಹ್ನ ಸಾಂಬಾರಿಗೆ ಅರೆಯುವುದು, ಸಾಯಂಕಾಲ ಮರುದಿನದ ದೋಸೆಗೆ ಅರೆಯುವುದು. ಆ ಮನೆಯ ಅರೆಯುವ ಕಲ್ಲಿಗೆ ಅವಳೊಬ್ಬಳೇ ಗತಿ. ಕೆಲವು ವರ್ಷ ಹೀಗೆ ಅರೆದ ಮೇಲೆ ಒಂದು ದಿನ, ತಾನು ಮಂಗಳೂರಿಗೆ ಹೋಗಿ ಹೊಲಿಗೆ ಕಲಿಯುತ್ತೇನೆ ಎಂದು ಹಟ ಹಿಡಿದು ಕೂತಳು. ಯಾರು ಬೈದರೂ ಏಳಲಿಲ್ಲ. ಕಲಿತೂ ಬಂದಳು. ನನ್ನ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ ಅರ್ಜಿ ಹಾಕಿದಳು. ಕಾಣಿಯೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಆದರೆ ಅದು ತಾತ್ಕಾಲಿಕ.

ಕೆಲಸ ಕೊಟ್ಟ ಸರಕಾರಿ ಆಫೀಸಿನವರ ಷರತ್ತು ಹೀಗಿತ್ತು: ಎಂಟು ವಾರದ ಪಾಠ, ಹನ್ನೆರಡು ಮಂದಿ ಹೆಂಗಸರು. ಕೊನೆಗೆ ಮಂಗಳೂರಿನಿಂದ ಪರೀಕ್ಷಕರು ಬರುತ್ತಾರೆ. ಎಂಟು ಮಂದಿಯಾದರೂ ತಾವೇ ಬಟ್ಟೆ ಕತ್ತರಿಸಿ ಒಂದು ರವಕೆ ಹೊಲಿದು ಪಾಸಾದರೆ ಅಕ್ಕನ ಕೆಲಸ ಖಾಯಂ. ಇಲ್ಲದಿದ್ದರೆ ಮಿಷನುಗಳು ಲಾರಿ ಹತ್ತುತ್ತವೆ, ಅಕ್ಕ ಬೆಟ್ಟಂಪಾಡಿ ಬಸ್ಸು ಹತ್ತುತ್ತಾಳೆ.

ಬಸ್ಸು ಹತ್ತುವ ಮಾತು ನನ್ನದಲ್ಲ, ಸತ್ತ ಭಾವನ ಅಣ್ಣ ಯಜ್ಞೇಶ್ವರ ಭಾವನದ್ದು. ಕೆಟ್ಟ ಮನುಷ್ಯರೇನೂ ಅಲ್ಲ. ಮನೆಯ ಪಂಚಾಂಗದ ಹಾಗೆ, ಬರೆದದ್ದು ಬರೆದ ಹಾಗೆಯೇ ನಡೆಯಬೇಕು ಎನ್ನುವವರು. ಅಂಗಡಿಗೆ ಬಂದು ಮಡಚಿದ ಕೊಡೆಯನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೂತು ಹೇಳಿದ್ದರು:

"ನೋಡು ಸತ್ಯವತಿ, ಖಾಯಂ ಆದರೆ ಆಯಿತು, ನಾನು ಅಡ್ಡ ಬರುದಿಲ್ಲ. ಆಗದಿದ್ದರೆ ಪರೀಕ್ಷೆಯ ದಿನ ನಾನೇ ಬಂದು ಕರಕೊಂಡು ಹೋಗ್ತೇನೆ. ಮನೆಯಲ್ಲಿ ದೋಸೆಗೆ ಅರೆಯುವವರಿಲ್ಲ."

"ಆಯಿತು ಭಾವ" ಅಂದಳು ಅಕ್ಕ, ನೆಲ ನೋಡಿಕೊಂಡು. ಅವರೆದುರು ಅವಳ ಬಾಯಿಂದ ಈ ಎರಡು ಶಬ್ದ ಬಿಟ್ಟು ಮೂರನೆಯದನ್ನು ನಾನು ಕೇಳಿದವನೇ ಅಲ್ಲ.

ಅವರು ಅತ್ತ ಹೋದದ್ದೇ ಸೈ, ಇತ್ತ ತಯಾರಿ ಸುರುವಾಯಿತು. ಸೀರೆ ಕಟ್ಟಿಕೊಡಲು ಇಟ್ಟಿದ್ದ ನನ್ನ ಕಂದು ಕಾಗದವನ್ನೆಲ್ಲ ಒಂದಕ್ಕೊಂದು ಅಂಟಿಸಿ ಗೋಡೆಯಷ್ಟಗಲದ ಒಂದು ತಖ್ತೆ ಮಾಡಿದಳು. ಯಾವ ವಾರ ಯಾವ ಪಾಠ, ಯಾವ ದಿನ ಎಷ್ಟು ಹೊತ್ತು, ಯಾರಿಗೆ ಅರ್ಥವಾಗದಿದ್ದರೆ ಎಂತ ಮಾಡುವುದು, ಎಲ್ಲ ಅದರಲ್ಲಿತ್ತು. ಮೊದಲ ನಾಲ್ಕು ವಾರ ಬರೀ ಕಾಗದ ಕತ್ತರಿಸುವುದು. ಐದನೆಯ ವಾರ ಬಟ್ಟೆ ಮತ್ತು ಮಿಷನು.

"ನಾಲ್ಕು ವಾರ ಕಾಗದ ಕತ್ತರಿಸ್ಲಿಕ್ಕೆ ಅದೇನು ಬಾಲವಾಡಿಯಾ?" ಎಂದು ನಾನು ಕೇಳಿದೆ.

"ನಿನಗೆ ಗೊತ್ತಿಲ್ಲ, ಸುಮ್ಮನಿರು. ಮಂಗಳೂರಲ್ಲಿ ನಮಗೆ ಹಾಗೆಯೇ ಕಲಿಸಿದ್ದು. ಕಾಗದ ಹಾಳಾದರೆ ಯಾರೂ ಬೈಯುದಿಲ್ಲ. ಬಟ್ಟೆ ಹಾಳಾದರೆ ಮನೆಗೆ ಹೋಗಿ ಬೈಗುಳ ತಿನ್ನಬೇಕು."

ಕಾಗದ ಹಾಳಾದರೆ ಬೈಯುವವನು ನಾನೊಬ್ಬ ಇದ್ದೆನಲ್ಲ! ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಷ್ಟೇ ಅಲ್ಲ, ಪಾಠ ಹೇಳಿ ಅಭ್ಯಾಸ ಮಾಡಿಕೊಳ್ಳಲಿಕ್ಕೆ ಅವಳಿಗೆ ಒಬ್ಬ ವಿದ್ಯಾರ್ಥಿನಿ ಬೇಕಿತ್ತು. ಆ ವಿದ್ಯಾರ್ಥಿನಿಯೂ ನಾನೇ ಆದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಕತ್ತರಿ ಕೊಟ್ಟು, "ಹೆಬ್ಬೆರಳು ಎಲ್ಲಿ ಇಡುದು? ಹೇಳು" ಎಂದು ಕೇಳುವಳು. ನಾನು ಹುಟ್ಟಿದಂದಿನಿಂದ ಬಟ್ಟೆ ಕತ್ತರಿಸುವವನು ಮಾರಾಯ್ರೆ! "ನಿನಗೆ ಬರ್ತದೆ ಅಂತ ನನಗೂ ಗೊತ್ತುಂಟು. ಬಾರದವರ ಹಾಗೆ ಮಾಡು" ಎನ್ನುವಳು. ಬಾರದವರ ಹಾಗೆ ಮಾಡುತ್ತಿರುವಾಗ ಒಮ್ಮೆ ಇಬ್ಬರು ಗಿರಾಕಿಗಳು ಬಂದು ನೋಡಿ, ಇವನಿಗೇ ಕತ್ತರಿ ಹಿಡಿಯಲು ಬರುವುದಿಲ್ಲ ಎಂದುಕೊಂಡು ಎದುರಿನ ಅಂಗಡಿಗೆ ಹೋದರು. ನನ್ನ ಹೆಂಡತಿ ವಸುಮತಿಗೆ ಇದೆಲ್ಲ ನಗೆ.

ಪಾಠ ಯಾವ ತಿಂಗಳು ಇಡುವುದು ಎನ್ನುವುದಕ್ಕೂ ಅವಳು ಮನೆಮನೆ ಸುತ್ತಿದಳು. ಕಾಣಿಯೂರಿನ ಹೆಂಗಸರೆಲ್ಲ ಒಂದೇ ಮಾತು ಹೇಳಿದರಂತೆ: "ಆಟಿಯಲ್ಲಿ ಇಡಿ ಟೀಚರೇ. ಆಟಿಯಲ್ಲಿ ಪುರ್ಸೊತ್ತು ಉಂಟು." ನಿಜವೇ. ಆಟಿ ಅಂದರೆ ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ. ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದಿರುತ್ತದೆ, ಮದುವೆ ಮುಂಜಿ ಇರುವುದಿಲ್ಲ. ಬಟ್ಟೆ ಅಂಗಡಿಯವನಿಗೆ ಆಟಿ ಅಂದರೆ ನೊಣ ಹೊಡೆಯುವ ತಿಂಗಳು. ತಾಯಂದಿರು ತಾವೇ ಮುಂದೆ ಬಂದು, "ನಮ್ಮ ಹುಡುಗಿಯ ಹೆಸರು ಬರಕೊಳ್ಳಿ, ಆಟಿಗೆ ಅವಳು ಇರ್ತಾಳೆ, ಬರ್ತಾಳೆ" ಎಂದು ಬರೆಸಿದರು. ಅಕ್ಕ ಹನ್ನೆರಡು ಹೆಸರು ತುಂಬಿಸಿಕೊಂಡು ಹಿಗ್ಗಿ ಮನೆಗೆ ಬಂದಳು.

ಪಾಠ ನಡೆದದ್ದು ತ್ಯಾಂಪಣ್ಣ ಗೌಡರ ಹಳೆಯ ಅಂಗಡಿ ಕೋಣೆಯಲ್ಲಿ. ಒಳ್ಳೆಯ ಮನುಷ್ಯ, ಕೋಣೆಯನ್ನು ಬಿಟ್ಟಿ ಬಿಟ್ಟುಕೊಟ್ಟಿದ್ದರು. ಅವರ ಮಗಳು ಅಮ್ಮುವೇ ಕ್ಲಾಸಿಗೆ ಎಲ್ಲರಿಗಿಂತ ಚುರುಕು. ಇನ್ನೊಬ್ಬಳು ಝೈನಬ, ಬ್ಯಾರಿ ಮುಸ್ಲಿಮರ ಮನೆಯವಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಂದು ದಿನವೂ ಯಾರೂ ತಪ್ಪಿಸಲಿಲ್ಲ. ಅಕ್ಕ ದಿನಾ ಸಂಜೆ ಬಸ್ಸಿಳಿದು ಬಂದು, "ತಖ್ತೆಯಲ್ಲಿ ಇದ್ದ ಹಾಗೆಯೇ ನಡೀತಾ ಉಂಟು ಮೋಹನ" ಎನ್ನುವಳು. ನಾಲ್ಕನೆಯ ವಾರದ ಕೊನೆಗೆ ಅಮ್ಮು ಕತ್ತರಿಸಿದ ಕಾಗದದ ರವಕೆಯನ್ನು ನನಗೂ ತಂದು ತೋರಿಸಿದಳು. ತೋಳು, ಕಂಕುಳು, ಕುತ್ತಿಗೆ ಒಂದೂ ತಪ್ಪಿರಲಿಲ್ಲ. ಹೊಗಳದೆ ವಿಧಿಯಿರಲಿಲ್ಲ.

ಐದನೆಯ ವಾರದ ಸೋಮವಾರ ಕೋರಾ ಬಟ್ಟೆಯ ತುಂಡುಗಳ ಕಟ್ಟು ಹೊತ್ತುಕೊಂಡು ನಾನೂ ಅವಳೊಟ್ಟಿಗೆ ಹೋದೆ. ಬಾಗಿಲು ತೆಗೆದು ಕಾದೆವು. ಝೈನಬ ಬಂದಳು. ಅವಳ ಹಿಂದೆ ಇನ್ನು ಮೂರು ಮಂದಿ. ಅಷ್ಟೇ. ಕೊನೆಗೆ ಅಕ್ಕ ತ್ಯಾಂಪಣ್ಣ ಗೌಡರನ್ನು ಕರೆದು ಕೇಳಿದಳು.

"ಅಮ್ಮು ಎಲ್ಲಿ ಗೌಡರೇ?"

"ಅವಳು ಗಂಡನ ಮನೆಗೆ ಹೋದಳಲ್ಲ ಟೀಚರೇ. ಆಟಿ ಮುಗಿದು ಸೋಣ ಬಂತಲ್ಲ."

"ಗಂಡನ ಮನೆಯಾ? ಮತ್ತೆ ಯಾವಾಗ ಬರುದು?"

ಗೌಡರು ತಲೆ ಕೆರೆದುಕೊಂಡರು. "ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಇನ್ನು ಬಾಣಂತನಕ್ಕೆ ಬಂದಾಳು."

ಆಗ ಅರ್ಥವಾಯಿತು ನಮಗೆ. ಹೊಸತಾಗಿ ಮದುವೆಯಾದ ಹುಡುಗಿ ಆಟಿ ಕೂರಲಿಕ್ಕೆ ತವರಿಗೆ ಬರುವುದು ಇಲ್ಲಿಯ ಕ್ರಮ. ಒಂದು ತಿಂಗಳು ಅಮ್ಮನ ಮನೆಯಲ್ಲಿ ಕಾಲು ಚಾಚಿ ಕೂತು, ಸೋಣ ಬಂದ ಕೂಡಲೇ ಗಂಡನ ಮನೆಗೆ ವಾಪಸು. ಹನ್ನೆರಡರಲ್ಲಿ ಎಂಟು ಮಂದಿ ಹಾಗೆ ಬಂದು ಕೂತವರು! ಪುರ್ಸೊತ್ತು ಇದ್ದದ್ದು ಅದಕ್ಕೇ. ನನಗೆ ಸಿಟ್ಟು ನೆತ್ತಿಗೇರಿತು.

"ಹುಟ್ಟಿ ಬೆಳೆದದ್ದು ಈ ಊರಲ್ಲೇ ಅಲ್ವಾ ನೀನು? ಆಟಿ ಅಂದರೆ ಎಂತ ಅಂತ ಗೊತ್ತಿಲ್ವಾ?"

"ಗೊತ್ತಿಲ್ಲದೆ ಎಂತ? ನಾನು ಎಲ್ಲರ ಹತ್ತಿರವೂ ಕೇಳಿದ್ದೇನೆ!"

"ಪುರ್ಸೊತ್ತು ಯಾವಾಗ ಅಂತ ಕೇಳಿದ್ದು ನೀನು. ಸೋಣದಲ್ಲಿ ಯಾರ ಮನೆಯಲ್ಲಿ ಇರ್ತೀರಿ ಅಂತ ಕೇಳಿದ್ದೀಯಾ?"

ಝೈನಬ ನಡುವೆ ಬಾಯಿ ಹಾಕಿದಳು: "ನಮಗೆ ಆಟಿ ಗೀಟಿ ಎಂತದ್ದೂ ಇಲ್ಲ ಟೀಚರೇ, ನಾನು ಉಂಟು." ಉಂಟು, ನಿಜ. ಆದರೆ ನಾಲ್ಕು ಮಂದಿಯನ್ನು ಎಂಟು ಮಾಡುವ ಯಂತ್ರ ಎಲ್ಲಿಂದ ತರುವುದು?

ಅದೇ ವಾರ ಕಾಣಿಯೂರಿನ ಸೊಸೆಯಂದಿರು ತಮ್ಮ ತಮ್ಮ ತವರಿನಿಂದ ಆಟಿ ಮುಗಿಸಿ ಬಂದರು. "ನಮ್ಮನ್ನೂ ಸೇರಿಸಿಕೊಳ್ಳಿ" ಎಂದು ಬಾಗಿಲಿಗೆ ಬಂದು ನಿಂತರು. ಸೇರಿಸಿಕೊಳ್ಳೋಣವೆಂದು ಆಫೀಸಿಗೆ ಹೋದರೆ, ಸುರುವಿಗೆ ಕೊಟ್ಟ ಹೆಸರುಗಳೇ ಹೆಸರುಗಳು, ನಡುವೆ ಬದಲಿಸಲಿಕ್ಕೆ ಆಗುವುದಿಲ್ಲ ಎಂದರು. ಕಲಿತವರು ಊರಲ್ಲಿಲ್ಲ, ಊರಲ್ಲಿ ಇರುವವರು ಲೆಕ್ಕಕ್ಕಿಲ್ಲ. ಅಕ್ಕ ಆ ದಿನ ಊಟ ಮಾಡಲಿಲ್ಲ. ಅವಳ ಕಣ್ಣೆಲ್ಲ ಬೆಟ್ಟಂಪಾಡಿಯ ಆ ಅರೆಯುವ ಕಲ್ಲಿನ ಮೇಲೆಯೇ ಇತ್ತು ಎಂದು ನನಗೆ ಗೊತ್ತಿತ್ತು. ಅವಳನ್ನು ನೋಡಿ ಸಂಕಟವೂ ಆಯಿತು, ಕೆನ್ನೆಗೆ ಎರಡು ಕೊಡುವ ಅನ್ನುವಷ್ಟು ಕೋಪವೂ ಬಂತು.

ಮರುದಿನ ಬೆಳಗ್ಗೆ ಅವಳು ಎದ್ದು, "ನಡಿ, ಬೆಳ್ಳಾರೆಗೆ" ಅಂದಳು. ಕಾಣಿಯೂರಿನವರು ಹೆಣ್ಣು ಕೊಡುವುದು ಹೆಚ್ಚಾಗಿ ಆ ಕಡೆಗೇ. ಹೋದ ಎಂಟರಲ್ಲಿ ಐದು ಮಂದಿ ಬೆಳ್ಳಾರೆಯ ಸುತ್ತಮುತ್ತಲೇ ಇದ್ದರು. ಅಮ್ಮುವೂ ಅಲ್ಲಿಯೇ.

ಅಮ್ಮುವಿನ ಅತ್ತೆಯ ಹೆಸರು ಸೀತು. ಗಟ್ಟಿ ಹೆಂಗಸು. ಬೆಲ್ಲ ನೀರು ಕೊಟ್ಟು, ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ಕೊನೆಗೆ ಅಂದಳು:

"ಒಂದು ತಿಂಗಳು ತವರಲ್ಲಿ ಕೂತು ಬಂದದ್ದು ಮೊನ್ನೆ. ಈಗ ಪುನಃ ಕಳಿಸಿದರೆ ಊರಿನವರು ಎಂತ ಹೇಳ್ಲಿಕ್ಕಿಲ್ಲ? ಅತ್ತೆಗೂ ಸೊಸೆಗೂ ಆಗುದಿಲ್ಲ ಅಂತ ಹೇಳ್ತಾರೆ. ಅದಿರಲಿ. ಹೊಲಿಗೆ ಕಲಿತಿದ್ದಾಳೆ ಅಂತೀರಿ. ಎಂತ ಕಲಿತಿದ್ದಾಳೆ, ತೋರಿಸ್ಲಿ."

ಅಮ್ಮು ಒಳಗೆ ಹೋಗಿ ಅದೇ ಕಾಗದದ ರವಕೆಯನ್ನು ಜೋಪಾನವಾಗಿ ಎರಡು ಕೈಯಲ್ಲಿ ಹಿಡಿದುಕೊಂಡು ಬಂದಳು. ಸೀತು ಅದನ್ನು ತೆಗೆದುಕೊಂಡು ಹಿಂದೆ ನೋಡಿದಳು, ಮುಂದೆ ನೋಡಿದಳು, ತನ್ನ ಎದೆಗೆ ಹಿಡಿದು ನೋಡಿದಳು.

"ಇದನ್ನು ಹಾಕ್ಕೊಂಡು ಈ ಮಳೆಗೆ ಅಂಗಳಕ್ಕೆ ಇಳಿದರೆ ನನ್ನ ಮಾನ ಎಷ್ಟು ಹೊತ್ತು ಉಳಿದೀತು ಟೀಚರೇ?"

ಅಮ್ಮುವಿಗೆ ಅಳು ಬಂತು. ನನಗೆ ನಗು ತಡೆಯಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಅಕ್ಕನ ಮುಖ ನೋಡುವ ಹಾಗಿರಲಿಲ್ಲ. ಆದರೆ ಅವಳು ಸೋತು ಏಳಲಿಲ್ಲ. "ಸೀತಕ್ಕ, ಅಮ್ಮು ನಿಮಗೆ ಬಟ್ಟೆಯದ್ದೇ ರವಕೆ ಹೊಲಿದು ಕೊಟ್ಟರೆ ಪರೀಕ್ಷೆಗೆ ಒಂದು ದಿನ ಕಳಿಸ್ತೀರಾ?" ಎಂದು ಕೇಳಿದಳು.

"ಎಲ್ಲಿ ಹೊಲಿಯುದು? ಇಲ್ಲಿ ಮಿಷನು ಉಂಟಾ?"

"ಮಿಷನು ಇಲ್ಲಿಗೇ ಬರ್ತದೆ."

ತರುವವನು ಯಾರು ಎಂದು ಅವಳೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ಕರ್ಮ.

ಮನೆಗೆ ಬಂದವಳೇ ಗೋಡೆಯ ತಖ್ತೆಯನ್ನು ಕಿತ್ತು ತೆಗೆದಳು. ಸಮ, ಇನ್ನಾದರೂ ಈ ಪೀಡೆ ಹೋಯಿತು ಎಂದುಕೊಂಡೆ. ಎಲ್ಲಿ ಹೋಗುವುದು? ಅದನ್ನು ಮಗುಚಿ ಹಾಕಿ, ಹಿಂದಿನ ಮೈಯಲ್ಲಿ ಹೊಸತಾಗಿ ಬರೆಯಲಿಕ್ಕೆ ಕೂತಳು! ಈ ಸಲ ಬರೆದದ್ದು ಕೆಳಗಿನಿಂದ ಮೇಲಕ್ಕೆ. ಕಟ್ಟಕಡೆಯಲ್ಲಿ 'ರವಕೆ' ಎಂದು ಬರೆದಳು. ಅದರ ಮೇಲೆ 'ತೋಳು ಕೂಡಿಸುವುದು'. ಅದರ ಮೇಲೆ 'ಬದಿ ಹೊಲಿಗೆ'. ಎಲ್ಲಕ್ಕಿಂತ ಮೇಲೆ 'ಮಿಷನಿನ ಎದುರು ಕೂರುವುದು'.

"ಇದೆಂತ, ತಲೆ ಕೆಳಗಾಗಿ ಬರೆಯುದು?" ಎಂದೆ.

"ಮೊದಲು ನಾನು ಎಂತ ಕಲಿಸಬೇಕು ಅಂತ ಬರೆದೆ ಮೋಹನ. ಕಡೆಯ ದಿನ ಅವರ ಕೈಯಲ್ಲಿ ಎಂತ ಇರಬೇಕು ಅಂತ ಯೋಚನೆ ಮಾಡ್ಲಿಲ್ಲ. ಕಾಗದದ ಪಾಠ ನನಗೆ ಬಾಯಿಪಾಠ ಇತ್ತು, ಅದಕ್ಕೇ ಅದನ್ನು ಹಿಡಿದುಕೊಂಡು ಕೂತೆ" ಅಂದಳು. ನಾನು ಬೇಸಿಗೆಯಲ್ಲೇ ಹೇಳಿದ್ದೆ. ಹೇಳಿದ್ದನ್ನು ನೆನಪು ಮಾಡಿದ್ದಕ್ಕೆ ಕತ್ತರಿ ತೋರಿಸಿದಳು.

ಅಲ್ಲಿಂದ ಮುಂದೆ ಪರೀಕ್ಷೆಯವರೆಗೆ ನಾನು ಬಟ್ಟೆ ಅಂಗಡಿಯವನಾಗಿರಲಿಲ್ಲ, ಹಮಾಲಿಯಾಗಿದ್ದೆ. ವಾರಕ್ಕೆ ಎರಡು ದಿನ ಅಂಗಡಿಗೆ ಬೀಗ ಹಾಕಿ, ಕಾಣಿಯೂರಿನಿಂದ ಮರದ ಪೆಟ್ಟಿಗೆಯಲ್ಲಿ ಕೈಮಿಷನನ್ನು ಹೊತ್ತು ಬೆಳ್ಳಾರೆ ಬಸ್ಸು ಹತ್ತುವುದು. ಕಂಡಕ್ಟರ್ ಅದನ್ನು ಟಾಪಿಗೆ ಹಾಕಿ ಅನ್ನುವುದು, ಅಕ್ಕ ಮಳೆಗೆ ತುಕ್ಕು ಹಿಡಿಯುತ್ತದೆ ಎಂದು ಜಗಳವಾಡುವುದು, ಕೊನೆಗೆ ಅದು ನನ್ನ ಮಡಿಲಿಗೆ ಬರುವುದು. ಮಗುವಾದರೆ ಅತ್ತಾದರೂ ಇಳಿಯುತ್ತದೆ, ಇದು ಎರಡು ತೊಡೆಯನ್ನೂ ಜಜ್ಜಿ ಹಾಕಿತು.

ಸೀತುವಿನ ಜಗಲಿಗೆ ಬೆಳ್ಳಾರೆಯ ಐದೂ ಸೊಸೆಯಂದಿರು ಬಂದರು. ಬೇರೆ ಅತ್ತೆಯಂದಿರು ಏನೋ ಅಂದುಕೊಂಡರು, ಆದರೆ ಸೀತುವಿನ ಮನೆಗೆ ಎಂದ ಮೇಲೆ ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಬಂದ ದಿನವೇ ಅಕ್ಕ ಅವರನ್ನು ಮಿಷನಿನ ಎದುರು ಕೂರಿಸಿದಳು. ಹೊಲಿಗೆ ಹಾವು ಹರಿದ ಹಾಗೆ ಹೋಯಿತು. "ಹೋಗಲಿ, ಬಿಚ್ಚು, ಪುನಃ ಹೊಲಿ" ಅಂದಳು. ಬಿಚ್ಚಿದರು, ಹೊಲಿದರು. ನನ್ನ ಅಂಗಡಿಯ ಕೋರಾ ಬಟ್ಟೆಯೆಲ್ಲ ಅಲ್ಲಿಯೇ ಮುಗಿಯಿತು. ನಡುವೆ ಚೌತಿ ಬಂದು ಒಂದು ದಿನ ತಪ್ಪಿತು, ಇನ್ನೊಂದು ದಿನ ಸೂಜಿ ಮುರಿಯಿತು. ಅಕ್ಕ ಸಿಡುಕಿದಳು, ನಾನು ಅಕ್ಕನ ಮೇಲೆ ಸಿಡುಕಿದೆ. ಆದರೆ ಒಂದು ಮಾತು ಹೇಳಬೇಕು. ಕಾಗದ ಚೆನ್ನಾಗಿ ಕತ್ತರಿಸಿದ್ದ ಕೈಗಳಿಗೆ ಬಟ್ಟೆ ಕತ್ತರಿಸುವುದು ಬೇಗ ಬಂತು. ಆ ನಾಲ್ಕು ವಾರ ಪೂರ್ತಿ ದಂಡವಾಗಲಿಲ್ಲ. ಇದನ್ನು ನಾನು ಅಕ್ಕನ ಹತ್ತಿರ ಹೇಳಲಿಲ್ಲ, ಹೇಳಿದ್ದರೆ ಅವಳು ಹಳೆಯ ತಖ್ತೆಯನ್ನು ಪುನಃ ಮಗುಚಿ ಹಾಕುತ್ತಿದ್ದಳು.

ಸೋಣದ ಕೊನೆಯ ವಾರ ಪರೀಕ್ಷೆ. ಯಜ್ಞೇಶ್ವರ ಭಾವ ಹೇಳಿದ ಹಾಗೆಯೇ ಬಂದರು. ಗೌಡರ ಅಂಗಡಿ ಕೋಣೆಯ ಜಗಲಿಯಲ್ಲಿ ಬೆಂಚಿನ ಮೇಲೆ ಕೊಡೆಯನ್ನು ಮಂಡಿಗೆ ಅಡ್ಡ ಇಟ್ಟುಕೊಂಡು ಕೂತರು. "ಸಂಜೆಯ ಬಸ್ಸಿಗೆ ಆಗ್ತದಲ್ಲ?" ಎಂದು ನನ್ನನ್ನು ಕೇಳಿದರು. ನಾನು ಬೆಳ್ಳಾರೆ ಬಸ್ಸು ಬಂತಾ ಎಂದು ನೋಡಲಿಕ್ಕೆ ರಸ್ತೆಗೆ ಇಳಿದೆ.

ಕಾಣಿಯೂರಿನ ನಾಲ್ವರು ಬಂದರು. ಬೆಳ್ಳಾರೆ ಬಸ್ಸಿನಲ್ಲಿ ನಾಲ್ವರು ಇಳಿದರು. ಐದನೆಯವಳಿಗೆ ಜ್ವರವಂತೆ. ಅಂದರೆ ಸರಿಯಾಗಿ ಎಂಟು. ಒಬ್ಬಳು ತಪ್ಪಿದರೂ ಆಯಿತು ಕತೆ. ಅಮ್ಮುವಿನ ಹಿಂದೆ ಸೀತುವೂ ಇಳಿದಳು. ಮೈಮೇಲೆ ಸೊಸೆ ಹೊಲಿದ ನೀಲಿ ರವಕೆ. ನೆಟ್ಟಗೆ ಬಂದು ಭಾವನ ಬೆಂಚಿನ ಈಚೆ ಕಂಬಕ್ಕೆ ಒರಗಿ ಕೂತಳು.

ಪರೀಕ್ಷಕರು ಅಕ್ಕನನ್ನು ಬಾಗಿಲಿನಿಂದ ಹೊರಗೆ ನಿಲ್ಲಿಸಿದರು. ಒಂದು ಮಾತೂ ಆಡಬಾರದು ಎಂದರು. ಝೈನಬ ಎಲ್ಲರಿಗಿಂತ ಮೊದಲು ಮುಗಿಸಿದಳು. ಮಧ್ಯಾಹ್ನ ಕಳೆದ ಹಾಗೆ ಒಂದೊಂದೇ ರವಕೆ ಮೇಜಿನ ಮೇಲೆ ಬಂತು. ಪರೀಕ್ಷಕರು ಹೊಲಿಗೆ ಜಗ್ಗಿ ನೋಡಿ ಪಕ್ಕಕ್ಕೆ ಇಟ್ಟರು. ಏಳು ಆಯಿತು. ಉಳಿದವಳು ಅಮ್ಮು. ಆ ಚುರುಕು ಹುಡುಗಿ, ಅತ್ತೆ ಕೂತದ್ದನ್ನು ನೋಡಿಯೋ ಎಂತದೋ, ಎಡದ ತೋಳನ್ನು ಬಲಕ್ಕೆ ಕೂಡಿಸಿಬಿಟ್ಟಿದ್ದಳು! ಅಕ್ಕನಿಗೆ ಬಾಗಿಲಿನಿಂದಲೇ ಕಂಡಿತು. ನನಗೂ ಕಂಡಿತು. ಅಯ್ಯೋ ದೇವರೇ ಎಂದು ನಾನು ಕಣ್ಣು ಮುಚ್ಚಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು.

ಅಮ್ಮು ರವಕೆಯನ್ನು ಎತ್ತಿ ಹಿಡಿದಳು, ನೋಡಿದಳು, ಹುಬ್ಬು ಗಂಟಿಕ್ಕಿದಳು. ಮತ್ತೆ ತಾನೇ, "ಹೋಗಲಿ, ಬಿಚ್ಚು, ಪುನಃ ಹೊಲಿ" ಎಂದು ಗಟ್ಟಿಯಾಗಿಯೇ ಹೇಳಿಕೊಂಡು ದಾರ ಬಿಚ್ಚಲಿಕ್ಕೆ ಕೂತಳು. ಪರೀಕ್ಷಕರು ಗಡಿಯಾರ ನೋಡಿದರು. ಭಾವನೂ ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡಿದರು. ಮಿಷನು ಕಟಕಟ ಓಡಿತು, ನಿಂತಿತು. ಅಮ್ಮು ದಾರ ಕಚ್ಚಿ ತುಂಡರಿಸಿ ರವಕೆಯನ್ನು ಮೇಜಿನ ಮೇಲೆ ಇಟ್ಟಳು. ಪರೀಕ್ಷಕರು ತೋಳು ಜಗ್ಗಿದರು, ಇನ್ನೊಮ್ಮೆ ಜಗ್ಗಿದರು, ಪಕ್ಕಕ್ಕೆ ಇಟ್ಟರು.

"ಎಂಟೂ ಪಾಸು" ಎಂದರು.

ಝೈನಬ ಕೂಗಿದ ಕೂಗು ಕಾಣಿಯೂರು ಪೇಟೆಗೆಲ್ಲ ಕೇಳಿರಬೇಕು. ಅಕ್ಕ ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಯಜ್ಞೇಶ್ವರ ಭಾವ ಮಾತ್ರ ಕೂತಲ್ಲೇ ಕೂತಿದ್ದರು. ಗದ್ದಲ ಸ್ವಲ್ಪ ತಣ್ಣಗಾದ ಮೇಲೆ ನಿಜವಾದ ಚಿಂತೆಯಿಂದಲೇ ಕೇಳಿದರು: "ಹಾಗಾದರೆ ಸತ್ಯವತಿ, ಮನೆಯಲ್ಲಿ ದೋಸೆಗೆ ಅರೆಯುದು ಯಾರು?"

ಅಕ್ಕ ಕಣ್ಣೊರೆಸಿಕೊಂಡು ಎದ್ದು ನಿಂತಳು. 'ಆಯಿತು ಭಾವ' ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವಳು ಮೊದಲ ಸಲ ಅವರ ಮುಖ ನೋಡಿ ಮಾತಾಡಿದಳು.

"ನೀವು ಪುರ್ಸೊತ್ತು ಮಾಡಿಕೊಳ್ಳಿ ಭಾವ, ನಾನು ಬಂದು ಕಲಿಸಿ ಕೊಡ್ತೇನೆ. ಕಷ್ಟ ಎಂತದ್ದೂ ಇಲ್ಲ. ಸುರುವಿಗೇ ಕಲ್ಲಿನ ಎದುರು ಕೂರಿಸಿಬಿಡುದು."

ಸೀತು ಕಂಬ ಹಿಡಿದುಕೊಂಡು ನಕ್ಕಳು. ಭಾವ ಎದ್ದು ಮಳೆಯಲ್ಲೇ ಬಸ್ಸಿನ ಕಡೆಗೆ ನಡೆದರು. ಕೊಡೆ ಬೆಂಚಿನ ಮೇಲೆಯೇ ಉಳಿಯಿತು. ಮರುದಿನ ಅಂಗಡಿಗೆ ಬೀಗ ಹಾಕಿ ಅದನ್ನು ಬೆಟ್ಟಂಪಾಡಿಗೆ ಮುಟ್ಟಿಸುವ ಕೆಲಸವೂ ನನ್ನ ತಲೆಗೇ ಬಂತು.